ಬಚ್ಚಲುಮನೆಯ ಮಂಡೂಕಕ್ಕೆ ರೋಗ ಬಂದರೆ

ಸಿರುಗುಪ್ಪದ ಗೃಹಸ್ಥರೊಬ್ಬರಿಂದ ಹೋದ ತಿಂಗಳು ನನಗೊಂದು ಪತ್ರವು ಬಂದಿತು. ಈ ಪುಟಕ್ಕೆ ಬರುವ ಪತ್ರಗಳು ಬಹುಮಟ್ಟಿಗೆ ಎಮ್ಮೆಯ ಕೆಚ್ಚಲು, ಗಿಳಿಯ ರೆಕ್ಕೆ, ನಾಯಿಯ ಕಜ್ಜಿ ಇವುಗಳನ್ನು ಕುರಿತವಾಗಿರುವುವೆಂಬುದು ವಾಚಕರಿಗೆ ತಿಳಿದೇ ಇದೆ. ಇದು ಹಾಗಿರಲಿಲ್ಲ. ಅವರ ಮಗಳು, ಹತ್ತು ವರ್ಷದ ಹುಡುಗಿ, ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿದ್ದ ಮರಗಪ್ಪೆಯೊಂದನ್ನು ಹಿಡಿದು ಸಾಕುತ್ತಿರುವಳಂತೆ. ಮೂರು ವಾರ ಚೆನ್ನಾಗಿದ್ದ ಆ ಪ್ರಾಣಿಯು ಈಗ ನಾಲ್ಕು ದಿನಗಳಿಂದ ಹುಳುವನ್ನು ಮುಟ್ಟದು. ಹಗಲೆಲ್ಲ ನೀರಿನಲ್ಲಿಯೇ ಕುಳಿತಿರುವುದು. ಹೊಟ್ಟೆಯೂ ತೊಡೆಯ ಒಳಮೈಯೂ ಕೆಂಪೇರಿರುವುವು. “ಇದಕ್ಕೆ ಮನೆಮದ್ದೇನಾದರೂ ಉಂಟೆ? ಹುಡುಗಿಯು ಸರಿಯಾಗಿ ಊಟ ಮಾಡುತ್ತಿಲ್ಲ” ಎಂದು ಪತ್ರವನ್ನು ಮುಗಿಸಿದ್ದರು.

ಕಪ್ಪೆಗೂ ಮದ್ದೇ ಎಂದು ನಗುವವರು ನಗಬಹುದು. ನಾನು ನಗಲಾರೆ. ಇಂತಹುದೇ ಕಪ್ಪೆಯೊಂದು ನನ್ನ ಕೈಯಿಂದಲೇ, ಅದೂ ಮನೆಮದ್ದಿನಿಂದಲೇ, ಸತ್ತುಹೋಗಿದೆ.

ಅದು 2018ನೆಯ ಇಸವಿಯ ಬೇಸಗೆ. ಬಳ್ಳಾರಿಯಲ್ಲಿ ಕೋಟೆಯ ಗುಡ್ಡದ ಬಂಡೆಗಳು ಸಂಜೆಯಾದರೂ ಕಾವಾರದ ಕಾಲ. ರಜೆಗೆ ಬಂದಿದ್ದ ಮೊಮ್ಮಗಳು ನೀರಿನ ತೊಟ್ಟಿಯ ಹಿಂದೆ ಒಂದು ಮರಗಪ್ಪೆಯನ್ನು ಕಂಡು ಅದನ್ನು ಬಿಡಲೊಲ್ಲದೆ ಹೋದಳು. ಅಮರಸಿಂಹನು ಕಪ್ಪೆಗೆ ಕೊಟ್ಟಿರುವ ಹೆಸರುಗಳಲ್ಲಿ ‘ಶಾಲೂರ’ ಎಂಬುದೊಂದು. ನಾನು ಆ ಹೆಸರನ್ನಿಟ್ಟೆ. ಆರು ವರ್ಷದ ಬಾಯಲ್ಲಿ ಅದು ‘ಸಾಲೂರಪ್ಪ’ ಆಯಿತು. ಸಾಲೂರಪ್ಪನನ್ನು ಅಗಲವಾದ ಗಾಜಿನ ಸೀಸೆಯಲ್ಲಿಟ್ಟು, ದಿನಕ್ಕೆ ಹತ್ತು ಸಲ ಹೊರತೆಗೆದು, ಅಂಗೈ ಮೇಲೆ ಕೂರಿಸಿ, ಬಂದವರಿಗೆಲ್ಲ ತೋರಿಸಿದ್ದಾಯಿತು. ಎರಡನೆಯ ವಾರದಲ್ಲಿ ಅದರ ತೊಡೆಗಳು ಕೆಂಪಾದುವು. ನಾನು ಮನೆಯ ಹಿರಿಯ. ನಾಲ್ಕು ವೈದ್ಯಶ್ಲೋಕಗಳನ್ನು ಬಲ್ಲವನೆಂಬ ಹಮ್ಮು ಬೇರೆ. ಅರಿಸಿನವನ್ನು ಕೊಬ್ಬರಿಯೆಣ್ಣೆಯಲ್ಲಿ ಕಲಸಿ ಕೆಂಪಾದ ಕಡೆಯೆಲ್ಲ ಸವರಿದೆ. ಬೆನ್ನಿಗೂ ತುಸು ಸವರಿದೆ. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಹುಡುಗಿಯು ಅಳಲಿಲ್ಲ, ನನ್ನ ಕೈಗಳನ್ನು ನೋಡಿದಳು. ಅಷ್ಟೇ.

ಏಕೆ ಸತ್ತಿತೆಂಬುದನ್ನು ನಾನು ಆಮೇಲೆ ಓದಿ ತಿಳಿದೆನು. ಅದನ್ನು ಮೊದಲು ಹೇಳಿದಲ್ಲದೆ ಚಿಕಿತ್ಸೆಯ ಮಾತು ಅರ್ಥವಾಗದು.

ನಮ್ಮ ಬಚ್ಚಲುಗಳಿಗೆ ಬರತಕ್ಕದ್ದು ಭರತಖಂಡದ ಬಹುಭಾಗದಲ್ಲಿ ಇರುವ ಸಾಧಾರಣವಾದ ಮರಗಪ್ಪೆ. ಹೆಣ್ಣು ಮೂರಂಗುಲದವರೆಗೆ ಬೆಳೆಯುವುದು, ಗಂಡು ಅದಕ್ಕಿಂತ ಚಿಕ್ಕದು. ಬೆರಳ ತುದಿಗಳಲ್ಲಿ ಬಿಲ್ಲೆಗಳಿರುವುದರಿಂದ ನುಣುಪಾದ ಗೋಡೆಯನ್ನೂ ಏರುವುದು. ಸುಣ್ಣದ ಗೋಡೆಯ ಮೇಲೆ ಇದನ್ನು ಕಂಡ ಆಂಗ್ಲರು ‘ಚುನಾಮ್ ಕಪ್ಪೆ’ ಎಂದರು. ಶಾಸ್ತ್ರಜ್ಞರ ಹೆಸರು ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್. 1830ರಲ್ಲಿ ಜಾನ್ ಎಡ್ವರ್ಡ್ ಗ್ರೇ ಎಂಬಾತನು ಇದಕ್ಕೆ ಹೆಸರಿಡುವಾಗ ‘ಚುಕ್ಕೆಯುಳ್ಳದ್ದು’ ಎಂಬರ್ಥದ ಲ್ಯಾಟಿನ್ ಪದವನ್ನು ಸೇರಿಸಿದನು. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿಯೂ ಚುಕ್ಕೆಯ ಕಪ್ಪೆ, ಹಸುರು ಕಪ್ಪೆ ಎಂಬ ಭೇದವುಂಟು. ಋಷಿಯು ಕಂಡದ್ದು ಇದೇ ಕಪ್ಪೆಯೆಂದು ನಾನು ಹೇಳಲಾರೆ. ಇಬ್ಬರೂ ಮೊದಲು ಗಮನಿಸಿದ್ದು ಚರ್ಮವನ್ನು ಎಂಬುದನ್ನು ಮಾತ್ರ ಹೇಳಬಲ್ಲೆ. ಕಪ್ಪೆಯ ವಿಷಯದಲ್ಲಿ ನಾವು ನೋಡತಕ್ಕದ್ದೂ ಅದನ್ನೇ.

ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದಲ್ಲಿಯೂ ತೊಡೆಯ ಒಳಮೈಯಲ್ಲಿಯೂ ಇರುವ ತೆಳುವಾದ ಚರ್ಮದಿಂದಲೇ ನೀರನ್ನು ಹೀರುವುದು. ಅದಕ್ಕೆ ಶ್ವಾಸಕೋಶಗಳುಂಟು, ಆದರೂ ಉಸಿರಿನ ಒಂದು ಪಾಲು ಒದ್ದೆ ಚರ್ಮದ ಮೂಲಕವೇ ನಡೆಯುವುದು. ಎಂದರೆ, ನಮಗೆ ಬಾಯಿ ಮೂಗುಗಳು ಹೇಗೋ ಅದಕ್ಕೆ ಚರ್ಮವೂ ಹಾಗೆಯೇ. ಚರ್ಮಕ್ಕೆ ತಗುಲಿದ್ದು ಒಳಕ್ಕೆ ಹೋಗುವುದು. ಅದರ ಮೇಲೆ ಎಣ್ಣೆ ಬಳಿಯುವುದೆಂದರೆ ಮಲಗಿರುವವನ ಮೂಗಿಗೆ ಅರಳೆ ತುರುಕಿದಂತೆ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಈ ಮರಗಪ್ಪೆಯು ತನ್ನ ಮೈಗೆ ತಾನೇ ಅಭ್ಯಂಗ ಮಾಡಿಕೊಳ್ಳುತ್ತದೆ! ಗ್ರಂಥಿಗಳಿಂದ ಒಸರುವ, ಸ್ವಲ್ಪ ಜಿಡ್ಡುಳ್ಳ ಸ್ರಾವವನ್ನು ಕೈಕಾಲುಗಳಿಂದ ಮೈಗೆಲ್ಲ ಒರೆಸಿಕೊಂಡು, ಒಳಗಿನ ನೀರು ಬಿಸಿಲಿಗೆ ಆರಿಹೋಗುವುದನ್ನು ತಗ್ಗಿಸಿಕೊಳ್ಳುವುದೆಂದು 1997ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ತನಗೆ ಎಷ್ಟು ಬೇಕೋ ಅಷ್ಟು, ಯಾವಾಗ ಬೇಕೋ ಆವಾಗ. ಇಂತಹ ಲೇಪವನ್ನು ದಿನಕ್ಕೆ ಹತ್ತು ಸಲ ನಮ್ಮ ಒಣಗೈಯಿಂದ ಒರೆಸಿ ತೆಗೆದು, ಆಮೇಲೆ ಅದರ ಮೇಲೆ ಕೊಬ್ಬರಿಯೆಣ್ಣೆಯನ್ನು ಹಚ್ಚಿದ ಪಂಡಿತನು ನಾನು.

ಇನ್ನು, ಆರೋಗ್ಯವಾಗಿರುವ ಕಪ್ಪೆಯು ಹೇಗಿರುವುದೆಂದು ತಿಳಿಯದೆ ರೋಗವನ್ನು ತಿಳಿಯುವುದು ಆಗದ ಮಾತು. ಸ್ವಸ್ಥವಾದ ಮರಗಪ್ಪೆಯು ಹಗಲೆಲ್ಲ ಕೈಕಾಲುಗಳನ್ನು ಮೈಗೆ ಒತ್ತಿಕೊಂಡು, ಕಣ್ಣುಗಳನ್ನು ತಗ್ಗಿಸಿಕೊಂಡು, ಗೋಡೆಗೋ ಎಲೆಗೋ ಅಂಟಿ ನಿದ್ರಿಸುವುದು. ಅದು ಸೋಮಾರಿತನವಲ್ಲ, ರೋಗವೂ ಅಲ್ಲ. ಗಂಟಲು ಮಾತ್ರ ಮೆಲ್ಲಗೆ ಮಿಡಿಯುತ್ತಿರುವುದು. ರಾತ್ರಿ ಎದ್ದು ಬೇಟೆಯಾಡುವುದು. ಬಣ್ಣವು ಒಮ್ಮೆ ಕಂದು, ಒಮ್ಮೆ ಸುಣ್ಣದಂತೆ ಬಿಳುಪು, ಒಮ್ಮೆ ಹಳದಿ ಆಗುವುದನ್ನು ಕಂಡು ಕಾಮಾಲೆಯೆಂದು ಹೆದರಬಾರದು. ಬೆಳಕಿಗೂ ಬಿಸಿಗೂ ತಕ್ಕಂತೆ ಬಣ್ಣ ಬದಲಿಸುವುದು ಇದರ ಸ್ವಭಾವ. ಆಗಾಗ್ಗೆ ತೆಳುವಾದ ಪೊರೆಯನ್ನು ಕಳಚಿ, ಬಾಯಿಂದ ಎಳೆದು ನುಂಗುವುದೂ ಸ್ವಭಾವವೇ. ನಮ್ಮ ಮನೆಯಲ್ಲಿ ಇದನ್ನು ಕಂಡು ಕಪ್ಪೆಗೆ ಸೆಳವು ಬಂತೆಂದು ಕೂಗಿಕೊಂಡಿದ್ದರು.

ರೋಗದ ಗುರುತುಗಳು ಬೇರೆ. ಗೋಡೆಯನ್ನು ಬಿಟ್ಟು ಹಗಲೂ ರಾತ್ರಿಯೂ ನೀರಿನ ತಟ್ಟೆಯಲ್ಲಿಯೇ ಕುಳಿತಿರುವುದು. ಕಾಲುಗಳನ್ನು ಮಡಿಸಲಾರದೆ ಚಾಚಿಕೊಂಡಿರುವುದು. ಪೊರೆಯು ಪೂರ್ತಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿರುವುದು. ಸೊಂಟದ ಎಲುಬುಗಳು ಎದ್ದು ಕಾಣುವುದು. ಕಣ್ಣಿಗೆ ಮಂಜು ಕವಿಯುವುದು. ಬಾಯಿ ತೆರೆದು ಉಸಿರಾಡುವುದು. ಹೊಟ್ಟೆ ಅಥವಾ ತೊಡೆ ಕೆಂಪಾಗುವುದು. ಮೈಯೆಲ್ಲ ನೀರು ತುಂಬಿದ ಚೀಲದಂತೆ ಊದುವುದು. ಇವುಗಳಲ್ಲಿ ಒಂದು ಕಂಡರೆ ಎಚ್ಚರಿಕೆ. ಎರಡು ಮೂರು ಒಟ್ಟಿಗೆ ಕಂಡರೆ ಆ ದಿನವೇ ಕೈಕೊಳ್ಳಬೇಕು. ಆಕಸ್ಮಿಕವಾಗಿ ಅಂಗಾತ ಬಿದ್ದ ಕಪ್ಪೆಯು ತಟ್ಟನೆ ಹೊರಳಿ ಕೂರದಿದ್ದರೆ ಅದು ಬಹಳ ಕೆಟ್ಟ ಗುರುತು. ಆದರೆ ನೋಡುವುದಕ್ಕೆಂದು ಅದನ್ನು ಮತ್ತೆ ಮತ್ತೆ ಅಂಗಾತ ಹಾಕುವ ಪರೀಕ್ಷಕರೂ ಇರುವರು. ಅವರಿಂದ ಕಪ್ಪೆಯನ್ನು ದೂರವಿಡತಕ್ಕದ್ದು.

ಮೊದಲ ಚಿಕಿತ್ಸೆಯು ಮದ್ದಿನದಲ್ಲ, ನೀರಿನದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಏಕೆಂದರೆ ಅರ್ಧ ರೋಗಗಳು ಇಲ್ಲಿಯೇ ಹುಟ್ಟುವುವು, ಹಲವು ಇಲ್ಲಿಯೇ ನಿಲ್ಲುವುವು.

ಬಳ್ಳಾರಿಯ ನಲ್ಲಿಗಳಲ್ಲಿ ಬರುವ ನೀರಿಗೆ, ಎಲ್ಲ ನಗರಗಳಲ್ಲಿರುವಂತೆ, ಕ್ಲೋರಿನ್ ಸೇರಿರುವುದು. ಅದು ನಮ್ಮ ಹೊಟ್ಟೆಗೆ ಕ್ಷೇಮ. ಕಪ್ಪೆಯ ಚರ್ಮಕ್ಕೆ ಉರಿ. ಆದಕಾರಣ ನೀರನ್ನು ಅಗಲಬಾಯಿಯ ಮಣ್ಣಿನ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ವಾಸನೆ ಹೋದಮೇಲೆ ಬಳಸಬೇಕು. ಶುದ್ಧವಾದಷ್ಟೂ ಒಳ್ಳೆಯದೆಂದು ಬಟ್ಟಿಯಿಳಿಸಿದ ನೀರನ್ನೋ, ಯಂತ್ರದಲ್ಲಿ ಲವಣವನ್ನೆಲ್ಲ ಸೋಸಿ ತೆಗೆದ ನೀರನ್ನೋ ದಿನವೂ ಕೊಡುವುದೂ ತಪ್ಪು. ಅದು ಚರ್ಮದ ಮೂಲಕ ಮೈಯ ಲವಣವನ್ನು ಹೊರಕ್ಕೆಳೆಯುವುದು. ಉಪ್ಪು ಹಾಕಿದರೆ ಇದಕ್ಕೆ ವಿರುದ್ಧವಾಗಿ ಮೈಯ ನೀರೇ ಹೊರಬರುವುದು. ಉಪ್ಪುನೀರಿನ ಸ್ನಾನವನ್ನು ಕೆಲವು ರೋಗಗಳಲ್ಲಿ ವೈದ್ಯರು ಅಳತೆಯಿಂದ ಮಾಡಿಸುವುದುಂಟು. ಅಳತೆ ತಿಳಿಯದ ನಮ್ಮ ಚಿಟಿಕೆಗೆ ಅಲ್ಲಿ ಸ್ಥಳವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ತಾಮ್ರದ ಪಾತ್ರೆ ಕೂಡದು. ತಾಮ್ರದ ತಂಬಿಗೆಯ ನೀರು ಪವಿತ್ರವೆಂದೂ ಆರೋಗ್ಯಕರವೆಂದೂ ನಮ್ಮ ಮನೆಗಳಲ್ಲಿ ನಂಬಿಕೆಯುಂಟು. ನಮ್ಮ ಮಟ್ಟಿಗೆ ಅದು ಹೇಗೋ ಇರಲಿ. ನೀರಿನಲ್ಲಿ ಕರಗಿದ ತಾಮ್ರವು ಕಪ್ಪೆಗಳಿಗೂ, ಅದಕ್ಕಿಂತ ಹೆಚ್ಚಾಗಿ ಅವುಗಳ ಮರಿಗಳಿಗೂ ವಿಷ.

ರೋಗ ಬಂದ ಕಪ್ಪೆಯನ್ನು ಬೇರೆ ಕಪ್ಪೆಗಳಿಂದ ಬಿಡಿಸಿ, ಗಾಳಿಯಾಡುವ ಮುಚ್ಚಳವುಳ್ಳ ಪಾತ್ರೆಯಲ್ಲಿ ನೆರಳಿನಲ್ಲಿಡಬೇಕು. ತಳಕ್ಕೆ ಮಣ್ಣಾಗಲಿ ಸಣ್ಣ ಕಲ್ಲಾಗಲಿ ಬೇಡ; ಹುಳುವಿನೊಡನೆ ಕಲ್ಲನ್ನೂ ನುಂಗಿ ಕರುಳು ಕಟ್ಟಿಕೊಳ್ಳುವುದುಂಟು. ಸಾಬೂನು ಕಾಣದ, ನೆನೆಸಿ ಹಿಂಡಿದ ಹತ್ತಿಯ ಬಟ್ಟೆಯ ತುಂಡು ಸಾಕು. ಒಂದು ಮೂಲೆಯಲ್ಲಿ ತಟ್ಟೆಯಷ್ಟು ಆಳದ ನೀರು, ಮುಳುಗುವಷ್ಟಲ್ಲ. ನೀರನ್ನೂ ಬಟ್ಟೆಯನ್ನೂ ದಿನವೂ ಬದಲಿಸಬೇಕು. ಕಪ್ಪೆಯು ತನ್ನ ಮಲಿನವಿರುವ ನೀರನ್ನೇ ಚರ್ಮದಿಂದ ಕುಡಿಯುವುದೆಂಬುದನ್ನು ನೆನೆದರೆ ಯಾರೂ ಇದನ್ನು ಮರೆಯಲಾರರು. ಎತ್ತಲೇಬೇಕಾದಾಗ ಕೈಯನ್ನು ಸಾಬೂನಿನಿಂದ ತೊಳೆದು, ಸಾಬೂನು ಲೇಶವೂ ಉಳಿಯದಂತೆ ಮತ್ತೆ ಮತ್ತೆ ನೀರಿನಿಂದ ತೊಳೆದು, ಒದ್ದೆಗೈಯಲ್ಲಿಯೇ ಎತ್ತಬೇಕು. ಎಲೆಯಡಿಕೆಗೆ ಸುಣ್ಣ ಸವರಿದ ಬೆರಳು, ಹೊಗೆಸೊಪ್ಪು ಮುಟ್ಟಿದ ಬೆರಳು, ತಲೆಗೆಣ್ಣೆ ಹಚ್ಚಿದ ಅಂಗೈ, ಇವು ಹತ್ತಿರ ಸುಳಿಯಬಾರದು. ಮುಟ್ಟಿದ ಮೇಲೂ ಕೈತೊಳೆಯುವುದು ಅಷ್ಟೇ ಅಗತ್ಯ. ಕಪ್ಪೆಯ ಮೈಮೇಲಿರಬಹುದಾದ ಸಾಲ್ಮೊನೆಲ್ಲಾ ಎಂಬ ಕ್ರಿಮಿಯು ಮಕ್ಕಳಿಗೆ ಭೇದಿಯನ್ನು ತರುವುದು. ಅದರ ತಟ್ಟೆಯನ್ನು ಅಡುಗೆಮನೆಯಲ್ಲಿ ತೊಳೆಯಬೇಡಿರಿ.

ಆಹಾರದ ವಿಷಯಕ್ಕೆ ಎರಡು ಮಾತು. ಕಪ್ಪೆಗೆ ಅನ್ನ, ರೊಟ್ಟಿ, ಹಾಲು ಬೇಡ. ಓಡಾಡುವ ಹುಳುವೇ ಬೇಕು. ಜೀರುಂಡೆ, ಮಿಡತೆ, ಪತಂಗ ಇವು ಒಳ್ಳೆಯವು. ಆದರೆ ಸಿರುಗುಪ್ಪದ ಗದ್ದೆಗಳಲ್ಲಾಗಲಿ ಕುರುಗೋಡಿನ ಹೊಲಗಳಲ್ಲಾಗಲಿ ಕೀಟನಾಶಕವನ್ನು ಹೊಡೆದ ಕಡೆಯಿಂದ ಹಿಡಿದು ತಂದ ಹುಳುವನ್ನೂ, ಮನೆಯಲ್ಲಿ ಔಷಧ ಚಿಮುಕಿಸಿದಾಗ ತೂರಾಡುತ್ತಿರುವ ಜಿರಲೆಯನ್ನೂ ಕೊಟ್ಟರೆ, ಹುಳುವನ್ನು ಕೊಂದ ವಿಷವೇ ಕಪ್ಪೆಯ ಹೊಟ್ಟೆಗೂ ಹೋಗುವುದು. ಬಹುಕಾಲ ಒಂದೇ ಜಾತಿಯ ಹುಳುವನ್ನು ತಿಂದು ಪೆಟ್ಟಿಗೆಯಲ್ಲಿ ಬೆಳೆದ ಕಪ್ಪೆಗಳಿಗೆ ಸುಣ್ಣಾಂಶವೂ ಡಿ ಜೀವಸತ್ತ್ವವೂ ಸಾಲದೆ ಎಲುಬು ಮೆತ್ತಗಾಗುವುದು. ದವಡೆ ಸೊಟ್ಟಗಾಗಿ, ಹಾರಲು ಹೋದರೆ ಕಾಲು ನಡುಗುವುದು. ಇದಕ್ಕೆಂದೇ ಬರುವ ಕ್ಯಾಲ್ಸಿಯಂ ಪುಡಿಯನ್ನು ಹುಳುಗಳ ಮೇಲೆ ಉದುರಿಸಿ ಕೊಡುವರು. ತಾಂಬೂಲದ ಸುಣ್ಣವೂ ಸುಣ್ಣವೇ ಅಲ್ಲವೆ ಎಂದು ಒಬ್ಬರು ಕೇಳಿದ್ದರು. ಅಲ್ಲ, ಅದು ಸುಡುವುದು. ರೋಗ ಬಂದ ಕಪ್ಪೆಯ ಬಾಯನ್ನು ಬಿಡಿಸಿ ಹುಳುವನ್ನು ತುರುಕುವುದೂ ಬೇಡ. ದೊಡ್ಡ ಕಪ್ಪೆಯು ಕೆಲವು ದಿನ ಉಪವಾಸವನ್ನು ತಡೆಯಬಲ್ಲುದು, ಒಣಗುವುದನ್ನು ತಡೆಯಲಾರದು.

ಈಗ ಕೆಂಪು ಕಾಲಿನ ವಿಷಯ. ಕೆಂಪೆಲ್ಲವೂ ಒಂದೇ ರೋಗವಲ್ಲ. ಕೆಟ್ಟ ನೀರಿನಿಂದಲೂ ಸಾಬೂನಿನಿಂದಲೂ ಚರ್ಮವು ಉರಿದು ಕೆಂಪಾಗುವುದುಂಟು. ನೀರನ್ನು ಸರಿಪಡಿಸಿದರೆ ಅದು ಇಳಿಯುವುದು. ಆದರೆ ಏರೋಮೊನಾಸ್ ಮೊದಲಾದ ಕ್ರಿಮಿಗಳು ರಕ್ತವನ್ನು ಸೇರಿ, ಚರ್ಮದಡಿಯಲ್ಲಿ ರಕ್ತವೊಸರಿ ಕೆಂಪಾಗುವುದೂ ಉಂಟು, ಅದು ಪ್ರಾಣಾಂತಿಕ. ಈ ಕ್ರಿಮಿಗಳು ಸಾಧಾರಣವಾಗಿ ಎಲ್ಲ ಕೆರೆಕುಂಟೆಗಳ ನೀರಿನಲ್ಲಿಯೂ ಇರತಕ್ಕವೇ. ಇಕ್ಕಟ್ಟು, ಕೊಳಕು, ಬಿಸಿ, ಹೆದರಿಕೆ ಇವುಗಳಿಂದ ಪ್ರಾಣಿಯು ಸೋತಾಗ ಅವು ಒಳನುಗ್ಗುವುವು. ಎರಡು ಬಗೆಯ ಕೆಂಪನ್ನೂ ಕಣ್ಣಿನಿಂದ ಬೇರ್ಪಡಿಸುವುದು ನಮ್ಮಿಂದಾಗದು. ಆದುದರಿಂದ ನೀರನ್ನು ಸರಿಪಡಿಸಿ, ಪಶುವೈದ್ಯರಲ್ಲಿಗೂ ಹೋಗಬೇಕು. ಮೈ ಊದಿದ ಕಪ್ಪೆ, ಹಿಂದಿನಿಂದ ಕರುಳು ಹೊರಬಂದ ಕಪ್ಪೆ, ಇವೂ ವೈದ್ಯರ ಪಾಲಿನವು. ಹೊರಬಂದ ಭಾಗವನ್ನು ಒದ್ದೆಯಾಗಿಟ್ಟು ಕೊಂಡೊಯ್ಯುವುದಷ್ಟೇ ನಮ್ಮ ಕೆಲಸ.

ಎತ್ತು ಎಮ್ಮೆ ಕುರಿಗಳನ್ನು ನೋಡುವ ವೈದ್ಯರು ಕಪ್ಪೆಯನ್ನು ನೋಡುವರೆ ಎಂಬ ಸಂದೇಹ ನನಗೂ ಇದ್ದಿತು. 2022ರ ಮಳೆಗಾಲದಲ್ಲಿ ನಮ್ಮ ಬಚ್ಚಲಿನಲ್ಲಿ ಎರಡನೆಯ ಕಪ್ಪೆಯೊಂದು ಕೆಂಪು ತೊಡೆಗಳೊಡನೆ ಕಂಡುಬಂದಿತು. ಈ ಸಲ ಮೊಮ್ಮಗಳು ನನ್ನನ್ನು ಹತ್ತಿರಕ್ಕೆ ಬಿಡಲಿಲ್ಲ. ತಾನೇ ಒದ್ದೆಗೈಯಿಂದ ಅದನ್ನು ಮಣ್ಣಿನ ಕುಡಿಕೆಗೆ ಸೇರಿಸಿದಳು. ವೈದ್ಯರು ನಗಲಿಲ್ಲ. “ತೂಕವೆಷ್ಟು?” ಎಂದರು. ಮದ್ದಿನ ಪ್ರಮಾಣವೆಲ್ಲ ತೂಕದ ಮೇಲೆ ನಿಂತದ್ದು. ಅವರಲ್ಲಿದ್ದ ತಕ್ಕಡಿಯೋ ನಾಯಿಮೇಕೆಗಳದು. ಕೊನೆಗೆ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನ ತೂಗುವ ತಕ್ಕಡಿಯ ಮೇಲೆ ಕುಡಿಕೆಯೊಡನೆ ಒಮ್ಮೆ, ಕುಡಿಕೆಯೊಂದನ್ನೇ ಒಮ್ಮೆ ತೂಗಿದೆವು. ಹನ್ನೊಂದು ಗ್ರಾಂ. ವೈದ್ಯರು ಬೆಂಗಳೂರಿನ ತಮ್ಮ ಸ್ನೇಹಿತರೊಬ್ಬರೊಡನೆ ಫೋನಿನಲ್ಲಿ ಮಾತನಾಡಿ, ಒಂದು ಪ್ರತಿಜೀವಕ ಔಷಧವನ್ನು ಬಹಳ ತೆಳುವಾಗಿ ಬೆರೆಸಿ, ದಿನಕ್ಕೊಂದು ಹನಿಯಂತೆ ಅದರ ಬೆನ್ನಿನ ಮೇಲೆ ಹಾಕಲು ಹೇಳಿದರು. ಬಾಯಿಗಲ್ಲ, ಬೆನ್ನಿಗೆ! ನನ್ನ ಎಣ್ಣೆಯು ಸಾವನ್ನು ಒಯ್ದ ಬಾಗಿಲಿನಿಂದಲೇ ಔಷಧವೂ ಒಳಹೋಗುವುದು. ಹನಿಯ ಪ್ರಮಾಣವನ್ನು ನಾನು ಇಲ್ಲಿ ಬರೆಯುವುದಿಲ್ಲ; ಹನ್ನೊಂದು ಗ್ರಾಮಿಗೆ ಹೇಳಿದ್ದು ಎಂಟು ಗ್ರಾಮಿಗೆ ವಿಷವಾದೀತು. ಮನುಷ್ಯರಿಗೆಂದು ಮಾಡಿದ ಮುಲಾಮುಗಳೂ ಹಾಗೆಯೇ. ನೋವು ಕಡಮೆ ಮಾಡುವ ಔಷಧ ಸೇರಿರುವ ಮುಲಾಮುಗಳಂತೂ ಅತಿ ಅಪಾಯಕರ. ಒಂಬತ್ತನೆಯ ದಿನ ಆ ಕಪ್ಪೆಯು ಹುಳು ಹಿಡಿಯಿತು. ಮುಂದಿನ ಮಳೆಯ ಸಂಜೆ ಅದನ್ನು ಹಿತ್ತಲಿನ ನುಗ್ಗೆಯ ಮರಕ್ಕೆ ಬಿಟ್ಟೆವು.

ಊರ ಕಪ್ಪೆಗಳನ್ನು ಬಿಟ್ಟು, ಪರದೇಶದ ಮರಗಪ್ಪೆಗಳನ್ನು ಸಾಕುವ ಕನ್ನಡಿಗರೂ ಈಗ ಇರುವರು. ಆಸ್ಟ್ರೇಲಿಯದ ದಪ್ಪ ಹಸುರು ಕಪ್ಪೆ, ಅಮೆರಿಕಾ ಖಂಡದ ಕೆಂಪುಗಣ್ಣಿನ ಕಪ್ಪೆ ಇವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವುದು ಹೊರನಾಡುಗಳಲ್ಲಿ ಸಾಮಾನ್ಯ. ಅಂತಹವರು ತಿಳಿದಿರಬೇಕಾದ ರೋಗವೊಂದಿದೆ. ಕಪ್ಪೆಯ ಚರ್ಮದ ಮೇಲೆ ಬೆಳೆಯುವ ಕೈಟ್ರಿಡ್ ಎಂಬ ಶಿಲೀಂಧ್ರವು ಹೊಸದೆಂದು ಗೊತ್ತಾಗಿ, 1999ರಲ್ಲಿ ಅದಕ್ಕೆ ಶಾಸ್ತ್ರೀಯವಾದ ಹೆಸರಾಯಿತು. ಚರ್ಮವು ಕೆಟ್ಟು ರಕ್ತದ ಲವಣಗಳು ಕುಗ್ಗಿ ಹೃದಯವು ನಿಲ್ಲುವುದೆಂದು 2009ರಲ್ಲಿ ಕಂಡುಕೊಂಡರು. ಜಗತ್ತಿನಲ್ಲಿ 501 ಜಾತಿಯ ಉಭಯಚರಿಗಳು ಇದರಿಂದ ಕ್ಷೀಣಿಸಿವೆಯೆಂದೂ, ಅವುಗಳಲ್ಲಿ 90 ನಿರ್ನಾಮವಾಗಿರಬಹುದೆಂದೂ 2019ರಲ್ಲಿ ಲೆಕ್ಕಮಾಡಿದರು. ಪಶ್ಚಿಮಘಟ್ಟದ ಕಪ್ಪೆಗಳಲ್ಲಿಯೂ ಇದು ಇರುವುದು 2011ರಲ್ಲಿ ವರದಿಯಾಯಿತು. ಪೊರೆಯು ಪದೇ ಪದೇ ಕಳಚುವುದು, ಕಾಲು ಚಾಚಿ ಮಂಕಾಗಿ ಕೂರುವುದು ಇದರ ಗುರುತುಗಳು. ಶಿಲೀಂಧ್ರನಾಶಕ ದ್ರವದ ಸ್ನಾನಗಳಿಂದ ವೈದ್ಯರು ಇದನ್ನು ವಾಸಿಮಾಡಬಲ್ಲರು. ಇದು ತಂಪನ್ನು ಬಯಸುವ ಶಿಲೀಂಧ್ರ; 30 ಡಿಗ್ರಿಯ ಮೇಲೆ ಉಳಿಯುವುದು ಕಷ್ಟ. ನಮ್ಮ ಬಳ್ಳಾರಿಯ ಬಿಸಿಲಿನಿಂದ ಆಗುವ ಉಪಕಾರಗಳಲ್ಲಿ ಇದೂ ಒಂದಾಗಿರಬಹುದು. ಉಳಿದ ಉಪಕಾರಗಳನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಹೊಸದಾಗಿ ತಂದ ಕಪ್ಪೆಯನ್ನು ಹಲವು ವಾರಗಳ ಕಾಲ ಹಳೆಯವುಗಳೊಡನೆ ಸೇರಿಸಬಾರದು. ಪರದೇಶದ ಕಪ್ಪೆಯನ್ನು ಎಂದಿಗೂ ಹೊರಕ್ಕೆ ಬಿಡಕೂಡದು. ಅದರ ನೀರನ್ನು ಕೆರೆಕಟ್ಟೆಗಳಿಗೆ ಚೆಲ್ಲಕೂಡದು.

ನಮ್ಮ ಊರ ಮರಗಪ್ಪೆಯನ್ನಾದರೋ ಹಿಡಿದು ಸಾಕುವ ಅಗತ್ಯವೇ ಇಲ್ಲವೆಂದು ನನ್ನ ಮತ. 1972ರ ವನ್ಯಜೀವಿ ಸಂರಕ್ಷಣಾ ಶಾಸನವಿರುವ ದೇಶವಿದು. ಕಾಡುಜೀವವನ್ನು ಪೆಟ್ಟಿಗೆಯಲ್ಲಿಡುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳುವುದು ಮೇಲು. ಅಲ್ಲದೆ ಅದು ಕರೆಯದೆಯೇ ಬರುವುದು. ಬಚ್ಚಲಿನ ಮೂಲೆಯಲ್ಲಿ ಒಂದು ಮಣ್ಣಿನ ತಟ್ಟೆ ನೀರು, ಮೇಲೊಂದು ಹಂಚಿನ ಚೂರಿನ ನೆರಳು ಇದ್ದರೆ ಚೈತ್ರ ವೈಶಾಖಗಳಲ್ಲಿ ತಾನೇ ಬಂದು ಕೂರುವುದು. ಮಳೆ ಬಿದ್ದೊಡನೆ ಹೋಗುವುದು. ಬಚ್ಚಲು ತೊಳೆಯುವ ಆಮ್ಲವನ್ನು ಸುರಿಯುವ ದಿನ ಮಾತ್ರ ತೊಟ್ಟಿಯ ಹಿಂದೆ ಒಮ್ಮೆ ಇಣಿಕಿ ನೋಡಬೇಕೆಂದು ಗೃಹಿಣಿಯರಲ್ಲಿ ನನ್ನ ಬಿನ್ನಹ.

ಸಿರುಗುಪ್ಪದ ಮಹನೀಯರಿಗೆ ಪತ್ರ ಬಂದ ದಿನವೇ ಇಷ್ಟನ್ನೂ ಚಿಕ್ಕದಾಗಿ ಬರೆದು, “ಕಪ್ಪೆಯನ್ನು ಯಾವ ಪಾತ್ರೆಯಲ್ಲಿಟ್ಟಿರುವಿರಿ?” ಎಂದು ಕೊನೆಯಲ್ಲಿ ಕೇಳಿದ್ದೆನು. ಈ ಲೇಖನವನ್ನು ಬರೆಯುತ್ತಿರುವಾಗ ಅವರ ಉತ್ತರವು ಕೈಸೇರಿತು. ಹುಡುಗಿಯ ಅಜ್ಜಿಯು, ಜೀವವೊಂದು ಮನೆಗೆ ಬಂದಿದೆ, ಒಳ್ಳೆಯ ನೀರಿನಲ್ಲಿರಲಿ ಎಂದು, ದೇವರಮನೆಯ ತಾಮ್ರದ ಬೋಗುಣಿಯನ್ನು ಕೊಟ್ಟಿದ್ದರಂತೆ. ಈಗ ಅದನ್ನು ಮಣ್ಣಿನ ತಟ್ಟೆಗೆ ಬದಲಿಸಿದ್ದಾರೆ. ವೈದ್ಯರಿಗೂ ತೋರಿಸಿದ್ದಾರೆ, ಎರಡು ದಿನ ನೀರನ್ನೇ ನೋಡೋಣವೆಂದು ಅವರು ಹೇಳಿದರಂತೆ. ಐದನೆಯ ದಿನಕ್ಕೆ ಹೊಟ್ಟೆಯ ಕೆಂಪು ಇಳಿದಿದೆ. ರಾತ್ರಿ ತಟ್ಟೆಯನ್ನು ಬಿಟ್ಟು ಪಾತ್ರೆಯ ಗೋಡೆಯನ್ನು ಏರಿತ್ತಂತೆ. ಹುಳುವನ್ನು ಇನ್ನೂ ಮುಟ್ಟಿಲ್ಲ. ಅಜ್ಜಿಗೆ ಈ ವಿಷಯವನ್ನು ಯಾರೂ ತಿಳಿಸಿಲ್ಲವೆಂದೂ, ನಾನು ಪತ್ರಿಕೆಯಲ್ಲಿ ಬರೆದರೆ ಊರ ಹೆಸರನ್ನು ಮಾತ್ರ ಹೇಳಬೇಕೆಂದೂ ಅವರು ಕೇಳಿಕೊಂಡಿರುವರು, ಹಾಗೆಯೇ ಮಾಡಿದ್ದೇನೆ.